ಅಭಿಪ್ರಾಯವೆಂಬ ಅನರ್ಥದಂಡ

ಶ್ರಾವಕನಿಗೆ ವಿಧಿಸಲಾದ 12 ವ್ರತಗಳಲ್ಲಿ ಐದು ಅಣುವ್ರತಗಳ ಹೆಸರು ಎಲ್ಲರಿಗೂ ಕಂಠಪಾಠ. ಅಹಿಂಸೆ, ಸತ್ಯ, ಅಚೌರ್ಯ, ಬ್ರಹ್ಮಚರ್ಯ, ಪರಿಗ್ರಹ ಪರಿಮಾಣ ಎಂದು ಪಾಠಶಾಲೆಯ ಮಗುವೂ ಬೆರಳು ಮಡಿಚಿ ಎಣಿಸುತ್ತದೆ. ಅವುಗಳ ಬೆನ್ನಿಗೆ ಬರುವ ಮೂರು ಗುಣವ್ರತಗಳ ವಿಷಯ ಹಾಗಲ್ಲ. ಆ ಮೂರರಲ್ಲಿ ಅನರ್ಥದಂಡವಿರತಿ ಎಂಬುದೊಂದಿದೆ. ಹೆಸರು ಕೇಳಿದವರು ಇದು ಯಾವುದೋ ನ್ಯಾಯಾಲಯದ ದಂಡವಿರಬೇಕೆಂದು ಭಾವಿಸುವುದುಂಟು. ದಂಡವೆಂದರೆ ಇಲ್ಲಿ ಮನಸ್ಸು, ಮಾತು, ಶರೀರಗಳ ಮೂಲಕ ಪರಜೀವಕ್ಕೆ ತಟ್ಟುವ ಪೆಟ್ಟು. ಅರ್ಥವೆಂದರೆ ಪ್ರಯೋಜನ. ಹೊಟ್ಟೆಪಾಡಿಗಲ್ಲದೆ, ಆತ್ಮರಕ್ಷಣೆಗಲ್ಲದೆ, ಧರ್ಮಕಾರ್ಯಕ್ಕೂ ಅಲ್ಲದೆ, ಸುಮ್ಮಸುಮ್ಮನೆ ನಾವು ಕೊಡುವ ಪೆಟ್ಟೇ ಅನರ್ಥದಂಡ. ಅದರಿಂದ ಹಿಂದೆ ಸರಿಯುವುದೇ ಈ ವ್ರತ.

ಸಮಂತಭದ್ರಾಚಾರ್ಯರು ತಮ್ಮ ರತ್ನಕರಂಡಕ ಶ್ರಾವಕಾಚಾರದಲ್ಲಿ ಇದಕ್ಕೆ ಐದು ಬಗೆಗಳನ್ನು ಹೇಳುತ್ತಾರೆ. ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಇನ್ನೊಬ್ಬರ ಕೈಗೆ ಕೊಡಲಿ, ಗುದ್ದಲಿ, ಬೆಂಕಿ, ಸಂಕೋಲೆಗಳನ್ನು ಕೊಡುವುದು ಹಿಂಸಾದಾನ. ದ್ವೇಷದಿಂದಲೋ ರಾಗದಿಂದಲೋ ಪರರ ವಧೆಯನ್ನು, ಬಂಧನವನ್ನು ಮನಸ್ಸಿನಲ್ಲೇ ಚಿಂತಿಸುವುದು ಅಪಧ್ಯಾನ. ಚಿತ್ತವನ್ನು ಕಲುಷಿತಗೊಳಿಸುವ ಮಾತುಗಳಿಗೆ ಕಿವಿಗೊಡುವುದು ದುಃಶ್ರುತಿ. ನೆಲವನ್ನು ಸುಮ್ಮನೆ ಅಗೆಯುವುದು, ನೀರನ್ನು ಸುಮ್ಮನೆ ಚೆಲ್ಲುವುದು, ಬೆಂಕಿಯನ್ನು ಸುಮ್ಮನೆ ಹೊತ್ತಿಸುವುದು, ಗಿಡವನ್ನು ಸುಮ್ಮನೆ ಚಿವುಟುವುದು, ತಾನು ಸುಮ್ಮನೆ ಅಲೆಯುವುದು, ಇತರರನ್ನೂ ಸುಮ್ಮನೆ ಅಲೆಸುವುದು ಪ್ರಮಾದಚರ್ಯೆ. ಈ ವ್ರತಕ್ಕೆ ಬಡಿಯುವ ಐದು ಅತಿಚಾರಗಳಲ್ಲಿ ಎರಡನ್ನು ಓದಿದಾಗಲಂತೂ ಆಚಾರ್ಯರು ನಮ್ಮ ಬೀದಿಯಲ್ಲಿ ಒಮ್ಮೆ ಸುಳಿದು ಹೋಗಿದ್ದರೇನೋ ಎನಿಸುತ್ತದೆ. ಒಂದು ಮೌಖರ್ಯ, ಎಂದರೆ ಬಾಯಿಬಡುಕತನ. ಇನ್ನೊಂದು ಅತಿಪ್ರಸಾಧನ, ಎಂದರೆ ಬೇಕಾದುದಕ್ಕಿಂತ ಹೆಚ್ಚಾಗಿ ಭೋಗೋಪಭೋಗದ ಸಾಮಗ್ರಿಯನ್ನು ಕೂಡಿಹಾಕುವುದು.

ನಮ್ಮ ಬೀದಿ ಎಂದೆ. ನಾನಿರುವುದು ಮಾಗಡಿ ರಸ್ತೆಯ ಕಾಮಾಕ್ಷಿಪಾಳ್ಯದಲ್ಲಿ. ಇಲ್ಲಿ ಮನೆಯ ಗೋಡೆಗೆ ಕಾರ್ಖಾನೆಯ ಗೋಡೆ ತಾಗಿಕೊಂಡಿರುತ್ತದೆ. ಕೆಳಗಿನ ಮಹಡಿಯಲ್ಲಿ ಲೇತ್ ಯಂತ್ರ ತಿರುಗುತ್ತಿರುವಾಗಲೇ ಮೇಲಿನ ಮಹಡಿಯಲ್ಲಿ ಮಗುವಿಗೆ ತೊಟ್ಟಿಲು ಕಟ್ಟಿರುತ್ತಾರೆ. ಬೆಳಗಿನ ಸಾಮಾಯಿಕಕ್ಕೆ ಕುಳಿತರೆ ಮೊದಲು ಕೇಳಿಸುವುದು ಹಕ್ಕಿಯ ದನಿಯಲ್ಲ, ಶಟರ್ ಎತ್ತುವ ಸದ್ದು. ಅದಾದ ಮೇಲೆ ಫೋನಿನ ಸದ್ದು. ಇತ್ತೀಚೆಗೆ ಆ ಯಂತ್ರ ಎಲ್ಲದಕ್ಕೂ ನನ್ನ ಅಭಿಪ್ರಾಯ ಕೇಳುತ್ತದೆ. ಹಾಲಿನ ಪೊಟ್ಟಣ ತಂದುಕೊಟ್ಟ ಹುಡುಗನಿಗೆ ಎಷ್ಟು ನಕ್ಷತ್ರ, ಆಟೋ ಚಾಲಕನಿಗೆ ಎಷ್ಟು ನಕ್ಷತ್ರ, ಬ್ಯಾಂಕಿನವರು ಮಾತನಾಡಿದ ರೀತಿಗೆ ಎಷ್ಟು ಅಂಕ. ತೃಪ್ತನೋ ಅತೃಪ್ತನೋ ಎಂದು ಹೇಳದೆ ಪರದೆ ಸರಿಯುವುದೇ ಇಲ್ಲ. ನನಗೆ ಈ ವಿಷಯದಲ್ಲಿ ಅಭಿಪ್ರಾಯವಿಲ್ಲ ಎಂದು ಒತ್ತುವ ಗುಂಡಿಯನ್ನು ಯಾರೂ ಇಟ್ಟಿಲ್ಲ. ದಿನಕ್ಕೆ ಹತ್ತು ಸಲ ತೀರ್ಪು ಕೊಟ್ಟು ರೂಢಿಯಾದವನಿಗೆ ಹನ್ನೊಂದನೆಯ ಸಲ ಯಾರೂ ಕೇಳದಿದ್ದರೂ ತೀರ್ಪು ಕೊಡಬೇಕೆನಿಸುತ್ತದೆ. ನನಗೂ ಹಾಗೆಯೇ ಆಯಿತು.

ಬೀದಿಯ ನಿವಾಸಿಗಳದ್ದೊಂದು ವಾಟ್ಸ್‌ಆ್ಯಪ್ ಗುಂಪಿದೆ. ನಮ್ಮ ಸಮಾಜದವರದ್ದು ಇನ್ನೊಂದು, ಕುಟುಂಬದ್ದು ಮತ್ತೊಂದು. ಇವುಗಳಲ್ಲಿ ನಡೆಯುವ ಮಾತುಕತೆಗೆ ವಿಷಯದ ಹಂಗಿಲ್ಲ. ಬೆಳಿಗ್ಗೆ ನೆಟ್‌ವರ್ಕ್ ಸಿಗದ ಬಗ್ಗೆ ಆರಂಭವಾದದ್ದು ಮಧ್ಯಾಹ್ನಕ್ಕೆ ಮಕ್ಕಳ ಹರಿದ ಜೀನ್ಸ್‌ಗೆ ತಿರುಗಿ, ಸಂಜೆಗೆ ಚರಂಡಿಯ ನಾತಕ್ಕೆ ಇಳಿದು, ರಾತ್ರಿ ಮಲಗುವ ಹೊತ್ತಿಗೆ ಬ್ರಿಟಿಷರು ಈ ದೇಶಕ್ಕೆ ಒಳಿತು ಮಾಡಿದರೋ ಕೆಡುಕು ಮಾಡಿದರೋ ಎಂಬಲ್ಲಿ ನಿಲ್ಲುತ್ತದೆ. ನಾಲ್ಕರಲ್ಲಿ ಯಾವುದೊಂದರ ಬಗ್ಗೆಯೂ ನಾಲ್ಕು ಪುಟ ಓದಿದವರು ಗುಂಪಿನಲ್ಲಿ ವಿರಳ. ಅಭಿಪ್ರಾಯವಿಲ್ಲದವರು ಇಲ್ಲವೇ ಇಲ್ಲ. ನಾನು ಆ ಗುಂಪಿನ ಹೊರಗೆ ನಿಂತು ಹೇಳುತ್ತಿಲ್ಲ.

ಉಡುಪಿನ ಚರ್ಚೆಯೊಂದನ್ನು ಮೊದಲು ಹೇಳುತ್ತೇನೆ, ಅದು ಹಗುರವಾದದ್ದು. ಬಸದಿಗೆ ಬರುವ ಹೆಣ್ಣುಮಕ್ಕಳ ಉಡುಪಿನ ಬಗ್ಗೆ ಹಿರಿಯರೊಬ್ಬರು ಖಾರವಾಗಿ ಬರೆದರು, ನಾನೂ ಹೌದೆಂದು ಹೆಬ್ಬೆರಳಿನ ಗುರುತು ಒತ್ತಿದೆ. ಅಂದು ಸಂಜೆ ಮನೆಗೆ ಬಂದ ನನ್ನ ತಂಗಿಯ ಮಗಳು, ಗೂಟಕ್ಕೆ ನೇತುಹಾಕಿದ್ದ ನನ್ನ ರೇಷ್ಮೆಯ ಶಲ್ಯವನ್ನು ಮುಟ್ಟಿ ನೋಡಿ, ಮಾವ, ಇದಕ್ಕೆ ಎಷ್ಟು ಹುಳು ಎಂದು ಕೇಳಿದಳು. ರಾಮನಗರದ ಗೂಡಿನ ಮಾರುಕಟ್ಟೆಯನ್ನು ನಾನು ಕಣ್ಣಾರೆ ಕಂಡವನು. ಬುಟ್ಟಿಗಟ್ಟಲೆ ಸುರಿದ ಬೆಳ್ಳನೆಯ ಗೂಡುಗಳ ಒಳಗೆ ಜೀವವಿರುತ್ತದೆ. ನೂಲು ತುಂಡಾಗದೆ ಒಂದೇ ಎಳೆಯಾಗಿ ಬರಬೇಕಾದರೆ ಒಳಗಿನ ಜೀವ ಗೂಡು ಕೊರೆದು ಹೊರಬರುವ ಮೊದಲೇ ಅದನ್ನು ಬಿಸಿಗೆ ಕೊಡಬೇಕು. ಒಂದು ಕಿಲೋ ನೂಲಿಗೆ ಸಾವಿರಾರು ಗೂಡುಗಳು. ಪೂಜೆಗೆ ರೇಷ್ಮೆ ಶುದ್ಧವೆಂಬ ಲೋಕರೂಢಿ ನಮ್ಮಲ್ಲೂ ಹೊಕ್ಕು ಕುಳಿತಿದೆ. ಹತ್ತಿಯ ಪಂಚೆಯನ್ನೇ ಉಡುವ ಶ್ರಾವಕರು ಈಗ ಹೆಚ್ಚಾಗುತ್ತಿರುವುದು ಸಮಾಧಾನದ ಸಂಗತಿ. ನನ್ನ ಶಲ್ಯ ಅಂದು ಗೂಟದ ಮೇಲೆಯೇ ಇತ್ತು.

ಅವಳ ಹರಿದ ಜೀನ್ಸ್ ನಿರ್ದೋಷವೆಂದು ನಾನು ಹೇಳುತ್ತಿಲ್ಲ. ಹೊಸ ಬಟ್ಟೆಯನ್ನು ಹಳೆಯದೆಂದು ತೋರಿಸಲು ಕಲ್ಲಿನಲ್ಲಿ ಉಜ್ಜಿ, ರಾಸಾಯನಿಕದಲ್ಲಿ ಅದ್ದಿ, ಮತ್ತೆ ಮತ್ತೆ ತೊಳೆಯುವುದು ನೀರನ್ನು ಸುಮ್ಮನೆ ಚೆಲ್ಲುವುದಕ್ಕೆ ಇಂದಿನ ಒಳ್ಳೆಯ ನಿದರ್ಶನ. ಆದರೆ ಸಮಂತಭದ್ರರ ಅಳತೆಗೋಲು ಬಟ್ಟೆಯ ಆಕಾರವನ್ನು ಅಳೆಯುವುದಿಲ್ಲ. ಒಮ್ಮೆ ಉಂಡು ಮುಗಿಯುವುದು ಭೋಗ, ಮತ್ತೆ ಮತ್ತೆ ಬಳಸುವುದು ಉಪಭೋಗ ಎಂದು ವಿಂಗಡಿಸಿ, ವಸ್ತ್ರವನ್ನು ಅವರು ಎರಡನೆಯದರಲ್ಲಿ ಇಟ್ಟರು. ಅನ್ನದಂತೆ ವಸ್ತ್ರವೂ ಒಮ್ಮೆ ಬಳಸಿ ಬಿಡುವ ಪದಾರ್ಥವಾದರೆ, ಉಪಭೋಗವೇ ಭೋಗವಾದರೆ ಏನು ಗತಿ? ನನ್ನ ಬೀರುವಿನಲ್ಲಿ ಹನ್ನೊಂದು ಪಂಚೆಗಳಿವೆ. ಹುಡುಗಿಯ ಮೊಣಕಾಲಿನ ಹರಕಿಗಿಂತ ಆ ಹನ್ನೊಂದು ನನ್ನ ವ್ರತಕ್ಕೆ ಹತ್ತಿರದ ವಿಷಯ.

ಇತಿಹಾಸದ ಜಗಳವೂ ಇಂಥದ್ದೇ. ಬ್ರಿಟಿಷರು ಬರದಿದ್ದರೆ ನಾವು ಕತ್ತಲೆಯಲ್ಲಿರುತ್ತಿದ್ದೆವು ಎಂದು ಒಬ್ಬರು. ಅವರು ಬಂದದ್ದರಿಂದಲೇ ಎಲ್ಲವೂ ಹಾಳಾಯಿತೆಂದು ಇನ್ನೊಬ್ಬರು. ಜೈನರಾದ ನಮಗೆ ಈ ಜಗಳದಲ್ಲಿ ಒಂದು ವಿಶೇಷ ಸಾಕ್ಷ್ಯವಿದೆ. ಟಿಪ್ಪುವಿನ ಪತನದ ನಂತರ, 1799ರಿಂದ ಮೈಸೂರು ಸೀಮೆಯನ್ನು ಸರ್ವೇಕ್ಷಣೆ ಮಾಡಿದ ಕಾಲಿನ್ ಮೆಕೆಂಜಿ ನಮ್ಮ ಬಸದಿಗಳನ್ನು, ಶಾಸನಗಳನ್ನು, ಓಲೆಗರಿಗಳನ್ನು ಹುಡುಕಿಸಿದ. ಜೈನರ ಬಗ್ಗೆ ಆತ ಕಲೆಹಾಕಿದ ವಿವರಗಳು ಕಲ್ಕತ್ತೆಯ ಏಷ್ಯಾಟಿಕ್ ರಿಸರ್ಚಸ್ ಸಂಪುಟದಲ್ಲಿ ಅಚ್ಚಾದವು. ಆ ವಿವರಗಳನ್ನು ಕೊಟ್ಟವರು ಮಾತ್ರ ನಮ್ಮ ನಾಡಿನ ಪಂಡಿತರು. ಕನಕಗಿರಿಯ ದೇವಚಂದ್ರ 1838ರಲ್ಲಿ ರಾಜಾವಳಿ ಕಥೆಯನ್ನು ರಚಿಸಿದ್ದು ಅಂಥ ಹುಡುಕಾಟದ ಗಾಳಿ ಬೀಸಿ ಹೋದ ಮೇಲೆ. ಬೆಂಗಳೂರಿನಲ್ಲೇ ಹುಟ್ಟಿದ ಲೂಯಿ ರೈಸ್ 1889ರಲ್ಲಿ ಶ್ರವಣಬೆಳಗೊಳದ ಶಾಸನಗಳನ್ನು ಪ್ರಕಟಿಸಿದರು. 1923ರಲ್ಲಿ ಅದನ್ನು ಪರಿಷ್ಕರಿಸಿ ಹಿಗ್ಗಿಸಿದವರು ಆರ್. ನರಸಿಂಹಾಚಾರ್ಯರು. ಇದೇ ಕಾಲದ ಯುರೋಪಿನ ವಿದ್ವಾಂಸರಲ್ಲಿ ಅನೇಕರು ಜೈನಧರ್ಮವನ್ನು ಬೌದ್ಧಧರ್ಮದ ಒಂದು ಕವಲೆಂದು ಬಹುಕಾಲ ಬರೆಯುತ್ತ ಬಂದರು. ಅದು ತಪ್ಪೆಂದು ಆಧಾರಸಹಿತ ತೋರಿಸಿದವರಲ್ಲಿ ಮುಖ್ಯನಾದವನು ಹರ್ಮನ್ ಯಾಕೋಬಿ, 1884ರಲ್ಲಿ ಹೊರಬಂದ ತನ್ನ ಜೈನ ಸೂತ್ರಗಳ ಅನುವಾದದ ಪೀಠಿಕೆಯಲ್ಲಿ. ಅವನೂ ಯುರೋಪಿನವನೇ, ಜರ್ಮನಿಯವನು. ನಮ್ಮನ್ನು ತಪ್ಪಾಗಿ ಕಂಡವರೂ ಸರಿಯಾಗಿ ಕಂಡವರೂ ಒಂದೇ ವಿದ್ಯಾಲೋಕದಲ್ಲಿದ್ದರು. ಒಳಿತೋ ಕೆಡುಕೋ ಎಂಬ ಒಂದು ಶಬ್ದದಲ್ಲಿ ಇದನ್ನು ಹೇಗೆ ಹೇಳುವುದು? ಸ್ಯಾತ್ ಎಂಬ ಪದವನ್ನು ನಮ್ಮ ತಾರ್ಕಿಕರು ಪ್ರತಿಯೊಂದು ವಾಕ್ಯದ ಬಾಗಿಲಲ್ಲಿ ಕಾವಲಿಗೆ ಇಟ್ಟದ್ದು ಇಂಥ ಸಂದರ್ಭಕ್ಕಾಗಿ. ಇದು ಅನುಮಾನದ ಪದವಲ್ಲ. ಯಾವ ದೃಷ್ಟಿಯಿಂದ ನೋಡಿ ಹೇಳುತ್ತಿದ್ದೇನೆ ಎಂಬುದನ್ನು ಮೊದಲು ಹೇಳು ಎಂಬ ಕಟ್ಟಳೆ.

ನಮ್ಮ ಬೀದಿಯಿಂದ ಸ್ವಲ್ಪ ಪೂರ್ವಕ್ಕೆ ನಡೆದರೆ ಬಿನ್ನಿ ಮಿಲ್ ಇದ್ದ ಜಾಗ ಸಿಗುತ್ತದೆ. 1884ರಲ್ಲಿ ಆರಂಭವಾದ ಆ ಗಿರಣಿ ಪರಕೀಯರ ಸೈನ್ಯಕ್ಕೆ ಖಾಕಿ ನೇಯ್ದದ್ದೂ ನಿಜ, ಈ ಭಾಗದ ಸಾವಿರಾರು ಮನೆಗಳ ಒಲೆ ಉರಿಸಿದ್ದೂ ನಿಜ. ಈಗ ಅಲ್ಲಿ ಎತ್ತರದ ಕಟ್ಟಡಗಳು. ಅದಕ್ಕೂ ಗುಂಪಿನಲ್ಲಿ ಎರಡು ಪಕ್ಷಗಳಿದ್ದವು. ಅದನ್ನು ಬಿಡೋಣ.

ಈಗ ಚರಂಡಿಯ ವಿಷಯ. ಇದನ್ನು ಬರೆಯಲೇ ಈ ವಾರದ ಅಂಕಣವನ್ನು ಆರಂಭಿಸಿದ್ದು. ಇಷ್ಟು ಹೊತ್ತು ಸುತ್ತಿ ಬಳಸಿ ಬಂದದ್ದು ನನ್ನ ಹಿಂಜರಿಕೆಯಿಂದ.

ನಮ್ಮ ಬೀದಿಯ ತುದಿಯಲ್ಲಿ ಲೋಹಕ್ಕೆ ಹೊಳಪಿನ ಲೇಪ ಕೊಡುವ ಎರಡು ಶಟರಿನ ಸಣ್ಣ ಕಾರ್ಖಾನೆಯೊಂದಿದೆ. ಕಳೆದ ಚಾತುರ್ಮಾಸದಲ್ಲಿ ಒಂದು ದಿನ ಮಳೆ ನಿಂತ ಮೇಲೆ ಮೋರಿಯಲ್ಲಿ ಹಳದಿ ಮಿಶ್ರಿತ ಹಸಿರು ನೀರು ಹರಿಯಿತು. ಲೇಪನದ ಕೆಲಸ ನಡೆಯುವುದು ಹೀಗೆ: ಲೋಹದ ತುಂಡಿನ ಜಿಡ್ಡು ತೆಗೆದು, ಆಮ್ಲದಲ್ಲಿ ಅದ್ದಿ, ನಿಕ್ಕಲಿನ ತೊಟ್ಟಿಗೆ ಇಳಿಸಿ, ಅನಂತರ ಕ್ರೋಮಿಯಂ ತೊಟ್ಟಿಗೆ ಇಳಿಸುತ್ತಾರೆ. ಪ್ರತಿ ಹಂತದ ನಡುವೆ ನೀರಿನಲ್ಲಿ ಜಾಲಾಡಬೇಕು. ವಿಷವಿರುವುದು ಆ ಜಾಲಾಡಿದ ನೀರಿನಲ್ಲಿ. ನಿಕ್ಕಲಿನ ಲವಣ ಹಸಿರು, ಆರು ವೇಲೆನ್ಸಿಯ ಕ್ರೋಮಿಯಂ ಹಳದಿ. ಈ ಕ್ರೋಮಿಯಂನ ಹಬೆಯನ್ನು ವರ್ಷಗಟ್ಟಲೆ ಉಸಿರಾಡಿದ ಕೆಲಸಗಾರರ ಮೂಗಿನ ನಡುಗೋಡೆಗೆ ತೂತು ಬೀಳುತ್ತದೆ, ಶ್ವಾಸಕೋಶಕ್ಕೆ ಕ್ಯಾನ್ಸರ್ ತಗಲಬಹುದು. ಇದು ವೈದ್ಯಶಾಸ್ತ್ರ ಒಪ್ಪಿದ ಸಂಗತಿ. ಇಷ್ಟನ್ನೂ ನಾನು ತಿಳಿದುಕೊಂಡದ್ದು ಮುಂದೆ. ಅಂದು ನನಗೆ ತಿಳಿದಿದ್ದದ್ದು ಎರಡೇ: ನೀರಿಗೆ ಬಣ್ಣವಿದೆ, ತುದಿಯಲ್ಲಿ ಕಾರ್ಖಾನೆಯಿದೆ. ಫೋನ್ ತೆಗೆದು ಚಿತ್ರ ಹಿಡಿದೆ. ಈ ಕಾರ್ಖಾನೆ ನಮಗೆಲ್ಲ ವಿಷ ಕುಡಿಸುತ್ತಿದೆ, ಇನ್ನೂ ಎಷ್ಟು ದಿನ ಸುಮ್ಮನಿರುವುದು ಎಂದು ಬರೆದು ಮೂರೂ ಗುಂಪುಗಳಿಗೆ ಹಾಕಿದೆ. ಬರೆದ ಮೇಲೆ ಮನಸ್ಸು ಹಗುರವಾಯಿತು, ಧರ್ಮಕಾರ್ಯ ಮಾಡಿದ ಹಾಗೆ. ಅದನ್ನು ಮುಚ್ಚಿಡುವುದಿಲ್ಲ.

ಮೂರನೆಯ ದಿನ ಅದೇ ಚಿತ್ರ ನನಗೆ ಪರಿಚಯವಿಲ್ಲದ ಕಡೆಯಿಂದ ನನಗೇ ಬಂತು. ಈಗ ಅದರ ಕೆಳಗೆ, ಈ ನೀರಿನಿಂದ ಮಕ್ಕಳು ಆಸ್ಪತ್ರೆ ಸೇರಿದ್ದಾರೆ ಎಂಬ ವಾಕ್ಯವಿತ್ತು. ಅದನ್ನು ನಾನು ಬರೆದಿರಲಿಲ್ಲ, ಯಾವ ಮಗುವೂ ಆಸ್ಪತ್ರೆ ಸೇರಿರಲಿಲ್ಲ. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖ ಎಂಬುದನ್ನು ಓದುವಾಗ ಸುಳ್ಳು ಪತ್ರ, ಸುಳ್ಳು ಸಹಿ ಮಾಡುವ ವರ್ತಕರನ್ನು ನೆನೆಯುತ್ತಿದ್ದೆ. ಕೂಟಲೇಖಕ್ಕೆ ಈಗ ಒಬ್ಬ ಲೇಖಕ ಬೇಕಿಲ್ಲ. ನಾನು ಅರ್ಧ ಬರೆದೆ, ಇನ್ನರ್ಧವನ್ನು ಯಾರೋ ಬರೆದರು, ಕಳುಹಿಸಿದವರು ನೂರಾರು. ಪಾಪವನ್ನು ಹಂಚಿಕೊಂಡರೆ ಪಾಲು ಚಿಕ್ಕದಾಗುವುದೆಂದು ಕರ್ಮಸಿದ್ಧಾಂತದಲ್ಲಿ ಎಲ್ಲಿಯೂ ಹೇಳಿಲ್ಲ.

ಅಧಿಕಾರಿಗಳು ಬಂದರು, ನೋಡಿದರು. ಕಾರ್ಖಾನೆಯ ಜಾಲಾಡಿದ ನೀರು ಮೋರಿಗೆ ಹೋಗುತ್ತಿರಲಿಲ್ಲ. ಅದು ತೊಟ್ಟಿಯೊಂದರಲ್ಲಿ ಸೇರಿ, ಅಲ್ಲಿ ಸಂಸ್ಕರಣೆಯಾಗುತ್ತಿತ್ತು. ಅಂದಿನ ಬಣ್ಣದ ನೀರು ಮೇಲಿನ ಎಲ್ಲಿಂದಲೋ ಬಂದದ್ದು, ಎಲ್ಲಿಂದ ಎಂಬುದು ಗೊತ್ತಾಗಲಿಲ್ಲ. ಆದರೆ ಸಂಸ್ಕರಣೆಯಲ್ಲಿ ತಳಕ್ಕೆ ಕೂತ ಕೆಸರಿನ ಚೀಲಗಳು ಹಿತ್ತಲಲ್ಲಿ ಬಯಲಿಗೇ ಬಿದ್ದಿದ್ದವು. ಅಂಥ ಕೆಸರು ದಾಬಸ್‌ಪೇಟೆಯ ಬಳಿಯಿರುವ ಭದ್ರ ಹೂಳುತಾಣಕ್ಕೆ ಹೋಗಬೇಕು. ಸಾಗಿಸುವ ಖರ್ಚಿಗೆ ಅಂಜಿ ಆತ ಒಂದಷ್ಟು ಕಾಲ ತಡೆದಿದ್ದ. ಅದು ಅವನ ತಪ್ಪು, ಅದಕ್ಕೆ ನೋಟಿಸು ಸಿಕ್ಕಿತು. ಹಾಗಾದರೆ ನನ್ನ ಅಭಿಪ್ರಾಯ ನಿಜವೋ ಸುಳ್ಳೋ? ಒಂದು ದೃಷ್ಟಿಯಿಂದ ಉಂಟು, ಒಂದು ದೃಷ್ಟಿಯಿಂದ ಇಲ್ಲ. ಸಪ್ತಭಂಗಿಯನ್ನು ನಾನು ಉಪನ್ಯಾಸಗಳಲ್ಲಿ ಹಲವು ಸಲ ವಿವರಿಸಿದ್ದೇನೆ. ಗುಂಪಿಗೆ ಬರೆಯುವ ಮುನ್ನ ಅದರ ಎರಡನೆಯ ಭಂಗವನ್ನಾದರೂ ನೆನೆಯಲಿಲ್ಲ.

ನಮ್ಮ ಶಾಸ್ತ್ರ ಗೃಹಸ್ಥನ ಹಿಂಸೆಯನ್ನು ನಾಲ್ಕಾಗಿ ನೋಡುತ್ತದೆ. ಮನೆವಾರ್ತೆಯಲ್ಲಿ ಆಗುವುದು ಆರಂಭೀ, ಜೀವನೋಪಾಯದಲ್ಲಿ ಆಗುವುದು ಉದ್ಯೋಗೀ, ಆತ್ಮರಕ್ಷಣೆಯಲ್ಲಿ ಆಗುವುದು ವಿರೋಧೀ, ಬೇಕೆಂದೇ ಮಾಡುವುದು ಸಂಕಲ್ಪೀ. ಶ್ರಾವಕ ಮೊದಲು ಬಿಡಬೇಕಾದದ್ದು ಕೊನೆಯದು. ಉಳಿದವನ್ನು ಯತ್ನದಿಂದ ಕಡಿಮೆ ಮಾಡುತ್ತ ಹೋಗಬೇಕು. ಭಗವಾನ್ ಆದಿನಾಥರು ಪ್ರಜೆಗಳಿಗೆ ಬದುಕುವ ಬಗೆಯನ್ನು ಕಲಿಸಿದಾಗ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯಗಳ ಜೊತೆಗೆ ಶಿಲ್ಪವನ್ನೂ ಹೇಳಿಕೊಟ್ಟರು. ಲೋಹಕ್ಕೆ ಹೊಳಪು ಕೊಡುವುದೂ ಶಿಲ್ಪವೇ. ಆ ಕಾರ್ಖಾನೆಯವನದು ಉದ್ಯೋಗೀ ಹಿಂಸೆ. ಅವನು ಅದನ್ನು ಸುಣ್ಣ ಹಾಕಿ, ಲವಣ ಹಾಕಿ, ವಿಷದ ಕ್ರೋಮಿಯಂ ಅನ್ನು ಕಡಿಮೆ ವಿಷದ್ದಾಗಿ ಮಾಡಿ ತಗ್ಗಿಸಲು ಯತ್ನಿಸುತ್ತಿದ್ದ, ಪೂರ್ತಿ ಯತ್ನಿಸಲಿಲ್ಲ. ನಾನು ಯಾವ ಹೊಟ್ಟೆಪಾಡಿಗಾಗಿ ಆ ಸಂದೇಶ ಬರೆದೆ? ಬರೆಯುವ ಮೊದಲು ನೂರು ಹೆಜ್ಜೆ ನಡೆದು ಅವನನ್ನು ಕೇಳಬಹುದಿತ್ತು. ಕೇಳಲಿಲ್ಲ ಎಂಬಲ್ಲಿ ಪ್ರಮಾದವಿದೆ. ಅವನಿಗೆ ಪೆಟ್ಟು ಬೀಳಲಿ ಎಂಬ ಇಚ್ಛೆ ಮನಸ್ಸಿನ ಮೂಲೆಯಲ್ಲಿ ಇತ್ತು ಎಂಬಲ್ಲಿ ಸಂಕಲ್ಪವಿದೆ. ಅವನ ಲಾರಿ ನನ್ನ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದ ಸಿಟ್ಟು ಹಳೆಯದು.

ಪರಿಸರದ ಬಗ್ಗೆ ಮಾತನಾಡಲೇಬಾರದು ಎಂದು ಇದರಿಂದ ಯಾರೂ ತಿಳಿಯಬಾರದು. ಮೌನ ಕೆಲವೊಮ್ಮೆ ಅನುಮೋದನೆಯಾಗುತ್ತದೆ. ಮಾಡುವುದು, ಮಾಡಿಸುವುದು, ಒಪ್ಪುವುದು ಮೂರೂ ನಮ್ಮ ಲೆಕ್ಕದಲ್ಲಿ ಸಮ. ಶ್ರಾವಕ ಬಿಡಬೇಕಾದ 15 ಕ್ರೂರ ಉದ್ಯೋಗಗಳ ಪಟ್ಟಿಯಲ್ಲಿ ವಿಷದ ವ್ಯಾಪಾರವಿದೆ, ಕಾಡು ಕಡಿಯುವುದಿದೆ, ಸರಃಶೋಷವೂ ಇದೆ. ಸರಃಶೋಷವೆಂದರೆ ಕೆರೆಕೊಳಗಳನ್ನು ಬತ್ತಿಸುವುದು. ಅದನ್ನು ಬರೆದಿಟ್ಟವರು ಬೆಂಗಳೂರನ್ನು ಕಂಡವರಲ್ಲ. ಈ ನಗರ ಕಳೆದುಕೊಂಡ ಕೆರೆಗಳ ಪಟ್ಟಿಯಲ್ಲಿ ಕಾಮಾಕ್ಷಿಪಾಳ್ಯದ ಕೆರೆಯೂ ಇದೆ. ಅದನ್ನು ಬತ್ತಿಸಿದವರು ಪರಕೀಯರಲ್ಲ. ಸುಮನಹಳ್ಳಿಯ ಸೇತುವೆಯ ಮೇಲೆ ಬಸ್ಸು ಹೋಗುವಾಗ ಎಲ್ಲರೂ ಮೂಗು ಮುಚ್ಚುತ್ತಾರಲ್ಲ, ಅದು ವೃಷಭಾವತಿ. ಬಸವನಗುಡಿಯ ನಂದಿಯ ಪಾದದಲ್ಲಿ ಹುಟ್ಟಿದಳೆಂಬ ನಂಬಿಕೆಯಿಂದ ಬಂದ ಹೆಸರು. ಜೈನನಾದ ನನ್ನ ಕಿವಿಗೆ ಆ ಹೆಸರಿನಲ್ಲಿ ವೃಷಭ ಲಾಂಛನದ ಮೊದಲ ತೀರ್ಥಂಕರರ ನೆನಪೂ ಬೆರೆಯುತ್ತದೆ. ಅದು ನನ್ನ ಕಿವಿಯ ಮಾತು, ಇತಿಹಾಸವಲ್ಲ. ನಗರದ ಪಶ್ಚಿಮ ಭಾಗದ ಕೊಳಚೆಯನ್ನೆಲ್ಲ ಹೊತ್ತು ಆಕೆ ಬೈರಮಂಗಲದ ಕೆರೆಯನ್ನು ತುಂಬಿ, ಅರ್ಕಾವತಿಯನ್ನು ಸೇರಿ, ಕಾವೇರಿಗೆ ಹೋಗುತ್ತಾಳೆ. ಆ ಕೊಳಚೆಯಲ್ಲಿ ಬಹುಪಾಲು ಕಾರ್ಖಾನೆಯದಲ್ಲ, ನಮ್ಮ ಬಚ್ಚಲಿನದು, ಪಾಯಖಾನೆಯದು.

ನೀರನ್ನು ಸೋಸಿ ಕುಡಿಯುವುದು ನಮ್ಮ ಕುಲಧರ್ಮ. ಸೋಸಿದ ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಮೆಲ್ಲನೆ ತೊಳೆದು, ಯಾವ ಬಾವಿಯಿಂದ ನೀರು ತಂದೆವೋ ಅದೇ ಬಾವಿಗೆ ಮರಳಿಸಬೇಕೆಂಬುದು ವಿಧಿಯ ಎರಡನೆಯ ಅರ್ಧ. ನನ್ನ ಅಜ್ಜಿ ಅದಕ್ಕಾಗಿಯೇ ಒಂದು ಪುಟ್ಟ ಬಿಂದಿಗೆಯನ್ನು ಇಟ್ಟುಕೊಂಡಿದ್ದರು, ಅದನ್ನು ನೀರಿನ ಮಟ್ಟದವರೆಗೂ ಇಳಿಸಿ ಮಗುಚುತ್ತಿದ್ದರು. ಮೇಲಿನಿಂದ ಸುರಿದರೆ ಜೀವಕ್ಕೆ ಪೆಟ್ಟಾಗುತ್ತದೆ ಎನ್ನುತ್ತಿದ್ದರು. ನಾನು ನಲ್ಲಿಗೆ ಬಟ್ಟೆ ಕಟ್ಟುತ್ತೇನೆ. ಎರಡನೆಯ ಅರ್ಧ ಎಲ್ಲಿ ಹೋಯಿತು? ನಲ್ಲಿಯ ನೀರಿನ ಬಾವಿ ನೂರು ಕಿಲೋಮೀಟರ್ ದೂರದ ಕಾವೇರಿ. ಸೋಸುವ ಬಟ್ಟೆಯನ್ನು ನಾನು ಬಚ್ಚಲಲ್ಲಿ ಸಾಬೂನು ಹಚ್ಚಿ ಒಗೆಯುತ್ತೇನೆ. ಅದು ವೃಷಭಾವತಿಗೆ ಹೋಗುತ್ತದೆ. ಒಳಗೆ ಬರುವ ನೀರಿಗೆ ಅಷ್ಟು ಮಡಿ, ಹೊರಗೆ ಹೋಗುವ ನೀರಿಗೆ ಏನೂ ಇಲ್ಲ. ಇದಕ್ಕೆ ಸುಲಭದ ಪರಿಹಾರ ನನ್ನ ಬಳಿ ಇಲ್ಲ. ನಮ್ಮ ಸಮಾಜದ ಸಭೆಗಳಲ್ಲಿ ಇದು ಚರ್ಚೆಗೆ ಬರುವುದಿಲ್ಲ ಎಂಬುದಷ್ಟೇ ನನ್ನ ದೂರು. ಭವನ ಕಟ್ಟುವಾಗ ಅಮೃತಶಿಲೆಯ ಬಗ್ಗೆ ಆರು ತಿಂಗಳು ಚರ್ಚಿಸುತ್ತೇವೆ, ಕೊಳಚೆ ನೀರಿನ ಸಂಸ್ಕರಣೆಯ ಬಗ್ಗೆ ಆರು ನಿಮಿಷ ಇಲ್ಲ.

ಕ್ಷಮಾವಾಣಿಯ ದಿನ ಬಂತು. ಫೋನಿನಲ್ಲಿ ಕಮಲದ ಚಿತ್ರದ ಕೆಳಗೆ, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಕ್ಷಮೆಯಿರಲಿ ಎಂದಿದ್ದ ಸಂದೇಶವನ್ನು ಒಂದೇ ಒತ್ತಿಗೆ 214 ಮಂದಿಗೆ ಕಳುಹಿಸಿದೆ. ಪಟ್ಟಿಯಲ್ಲಿ ಆ ಕಾರ್ಖಾನೆಯವನ ಸಂಖ್ಯೆಯೂ ಇತ್ತು, ಬೀದಿಯ ಗುಂಪಿನವನಾದ್ದರಿಂದ. ಅವನು ಜೈನನಲ್ಲ. ಕೈಮುಗಿದ ಚಿಹ್ನೆಯನ್ನು ಉತ್ತರವಾಗಿ ಕಳುಹಿಸಿದ. ಅದನ್ನು ಕಂಡಾಗ ನನಗಾದ ನಾಚಿಕೆಯನ್ನು ಇಲ್ಲಿ ಬರೆಯಲಾರೆ. ನೂರು ಹೆಜ್ಜೆಯ ದೂರದಲ್ಲಿರುವ ಒಬ್ಬನಿಗೆ ಮಾಡಿದ ಅಪರಾಧವನ್ನು 213 ನಿರಪರಾಧದ ಸಂಬಂಧಗಳೊಳಗೆ ಬೆರೆಸಿ ತೊಳೆಯಲು ನೋಡಿದ್ದೆ, ಜಾಲಾಡಿದ ನೀರಿಗೆ ಮಳೆನೀರು ಬೆರೆಸಿ ಮೋರಿಗೆ ಬಿಡುವವರ ಹಾಗೆ.

ಮರುದಿನ ಹೋದೆ. ಅವನು ಕುರ್ಚಿ ಹಾಕಿಸಿದ, ಕಾಫಿ ತರಿಸಿದ. ನಾನು ಹೇಳಬೇಕಾದುದನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಸ್ವಾಮಿ, ಎರಡು ವರ್ಷದ ಹಿಂದೆ ನಿಮ್ಮ ದೇವಸ್ಥಾನದ ಹಿತ್ತಾಳೆಯ ಪ್ರಭಾವಳಿಗೆ ಹೊಳಪು ಕೊಟ್ಟದ್ದು ಇಲ್ಲೇ ಎಂದ. ದೂರಿನ ದನಿಯಿರಲಿಲ್ಲ, ಸುಮ್ಮನೆ ಮಾಹಿತಿಯ ಹಾಗೆ ಹೇಳಿದ. ನಾನು ತಲೆಯೆತ್ತಿ ನೋಡಿದೆ. ತೊಟ್ಟಿಯ ಮೇಲೆ ಸಾಲಾಗಿ ತೂಗುಬಿಟ್ಟಿದ್ದವು ಬಚ್ಚಲುಮನೆಯ ನಲ್ಲಿಗಳು. ನನ್ನ ಮನೆಯಲ್ಲಿ ಕಳೆದ ವರ್ಷ ಹಳೆಯ ಹಿತ್ತಾಳೆ ನಲ್ಲಿಗಳನ್ನು ತೆಗೆಸಿ, ಕನ್ನಡಿಯ ಹಾಗೆ ಹೊಳೆಯುವ ಅಂಥವನ್ನೇ ಹಾಕಿಸಿದ್ದೆ. ಹಳೆಯವು ಸೋರುತ್ತಿರಲಿಲ್ಲ.

ಹಿತ್ತಲಿಗೆ ಕರೆದೊಯ್ದು ತೋರಿಸಿದ. ಕೆಸರಿನ ಚೀಲಗಳಿದ್ದ ಜಾಗ ಖಾಲಿಯಾಗಿತ್ತು, ನೆಲಕ್ಕೆ ಸಿಮೆಂಟ್ ಹಾಕಿಸಿ ಮೇಲೆ ತಗಡು ಹೊದಿಸಿದ್ದ. ನೋಟಿಸಿನಿಂದ ಅದೊಂದು ಒಳ್ಳೆಯದಾಯಿತು ಎಂದು ಅವನೇ ಹೇಳಿದ. ಒಂದು ತೊಟ್ಟಿಯಲ್ಲಿ ಜಾಲಾಡುವ ಬದಲು ಮೂರು ತೊಟ್ಟಿಗಳನ್ನು ಸಾಲಾಗಿಟ್ಟು, ನೀರನ್ನು ಹಿಮ್ಮುಖವಾಗಿ ಹರಿಸಿದರೆ ಬಹಳ ನೀರು ಉಳಿಯುತ್ತದಂತೆ, ಜಾಗವಿಲ್ಲ ಎಂದ. ಕೆಲಸಗಾರರಿಗೆ ಮುಖಕವಚ ಕೊಟ್ಟಿದ್ದಾನೆ, ಸೆಕೆಗೆ ಅವರು ಹಾಕಿಕೊಳ್ಳುವುದಿಲ್ಲ. ಅಲ್ಲಿ ನಿಂತಿದ್ದ ಹತ್ತು ನಿಮಿಷದಲ್ಲೇ ನನಗೆ ಗಂಟಲು ಕೆರೆಯಿತು.

ಸಮಂತಭದ್ರರು ಯಮ, ನಿಯಮ ಎಂದು ಎರಡನ್ನು ಬೇರೆ ಮಾಡಿ ಹೇಳಿದ್ದಾರೆ. ಯಾವಜ್ಜೀವ ಹಿಡಿಯುವುದು ಯಮ, ಕಾಲದ ಮಿತಿಯಿಟ್ಟು ಹಿಡಿಯುವುದು ನಿಯಮ. ಇಂದು, ಒಂದು ಹಗಲು, ಒಂದು ರಾತ್ರಿ, ಪಕ್ಷ, ಮಾಸ, ಋತು, ಅಯನ ಎಂದು ಮಿತಿಗಳನ್ನು ಅವರೇ ಎಣಿಸಿಕೊಟ್ಟಿದ್ದಾರೆ. ಅವರು ಅಲ್ಲಿ ಹೇಳಿರುವುದು ಆಹಾರ, ವಾಹನ, ಹಾಸಿಗೆ, ವಸ್ತ್ರ, ಗೀತಗಳ ಬಗ್ಗೆ. ನಾನು ಒಂದು ಋತುವಿನ ಮಟ್ಟಿಗೆ ಫೋನಿಗೆ ಅನ್ವಯಿಸಿಕೊಂಡಿದ್ದೇನೆ: ಕಂಡದ್ದನ್ನು ಸಂಬಂಧಪಟ್ಟವನ ಮುಖದೆದುರು ಹೇಳದೆ ಗುಂಪಿನಲ್ಲಿ ಹೇಳುವುದಿಲ್ಲ, ನಾನು ಕಾಣದ್ದನ್ನು ಮುಂದಕ್ಕೆ ಕಳುಹಿಸುವುದಿಲ್ಲ. ಎರಡು ಸಲ ತಪ್ಪಿದ್ದೇನೆ. ಒಂದು ಸಲ ಬ್ರಿಟಿಷರ ವಿಷಯದಲ್ಲಿ.

ಮೊದಲಿನ ಸಂದೇಶ ತಪ್ಪೆಂದು ಮೂರೂ ಗುಂಪುಗಳಲ್ಲಿ ಬರೆದೆ. ಕೆಲವರು ಹೆಬ್ಬೆರಳಿನ ಗುರುತು ಹಾಕಿದರು. ಅದನ್ನು ಮುಂದೆ ಕಳುಹಿಸಿದವರು ಯಾರೂ ಇಲ್ಲ. ಆಸ್ಪತ್ರೆಯ ಮಕ್ಕಳಿರುವ ಚಿತ್ರ ಮಾತ್ರ ಮೊನ್ನೆ ವಿಜಯನಗರದ ಬಂಧುವೊಬ್ಬರಿಂದ ಮತ್ತೊಮ್ಮೆ ಬಂತು. ಆ ಗಲಾಟೆಯ ವಾರದಲ್ಲಿ ಇಬ್ಬರು ಗಿರಾಕಿಗಳು ಕೆಲಸ ಕೊಡುವುದನ್ನು ನಿಲ್ಲಿಸಿದ್ದರಿಂದ ಕಾರ್ಖಾನೆಯವನು ಇಬ್ಬರು ಕೆಲಸಗಾರರನ್ನು ಮನೆಗೆ ಕಳುಹಿಸಿದ್ದ. ಒಬ್ಬ ದೀಪಾವಳಿಯ ನಂತರ ಮರಳಿ ಬಂದ. ಇನ್ನೊಬ್ಬ ಕಲಬುರಗಿ ಕಡೆಯವನು, ಹೆಂಡತಿ ಮಕ್ಕಳೊಂದಿಗೆ ಎರಡನೆಯ ಅಡ್ಡರಸ್ತೆಯಲ್ಲಿ ಒಂದು ಕೋಣೆಯಲ್ಲಿದ್ದ. ಕೋಣೆ ಖಾಲಿ ಮಾಡಿಕೊಂಡು ಹೋದವನು ಎಲ್ಲಿದ್ದಾನೆಂದು ಯಾರಿಗೂ ತಿಳಿಯದು. ಮನೆಯ ಮಾಲೀಕರಿಂದ ಅವನ ಸಂಖ್ಯೆ ಪಡೆದು ಎರಡು ತಿಂಗಳಿನಿಂದ ಕರೆ ಮಾಡುತ್ತಿದ್ದೇನೆ. ಅದು ಚಾಲ್ತಿಯಲ್ಲಿಲ್ಲ ಎಂದು ಪ್ರತಿ ಸಲವೂ ಮೂರು ಭಾಷೆಗಳಲ್ಲಿ ಹೇಳುತ್ತದೆ.